ಹನ್ನೊಂದು ಹೆಸರು

ನವೆಂಬರ್ 4, 2024, ಸೋಮವಾರ

ಇವತ್ತು ಮೂರು ಕಾರ್ಡು. ಒಂದು ಶಿವಗಣಾರಾಧನೆ, ಒಂದು ವೈಕುಂಠ ಸಮಾರಾಧನೆ, ಒಂದು ಮದುವೆ. ಖಾಜಾಸಾಬರ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಎಲ್ಲದಕ್ಕೂ ತಯಾರು ಫೈಲ್ ಇದೆ. ಲಿಂಗಾಯತರಾದರೆ ‘ಲಿಂಗೈಕ್ಯ’. ಬ್ರಾಹ್ಮಣರಾದರೆ ‘ವೈಕುಂಠವಾಸಿ’. ನಮ್ಮ ಕ್ರೈಸ್ತರಾದರೆ ‘ಕರ್ತನಲ್ಲಿ ನಿದ್ರೆಹೋದರು’. ಹೆಸರು, ತಾರೀಖು, ಫೋಟೊ ಬದಲಿಸಿದರೆ ಮುಗಿಯಿತು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಯಾರು ಎಲ್ಲಿಗೆ ಹೋದರು ಅಂತ ಒಮ್ಮೆಯೂ ಯೋಚಿಸಿದವಳಲ್ಲ.

ಸೆಪ್ಟೆಂಬರಿನಲ್ಲಿ ನಮ್ಮ ಮನೆಯವರ ಕಾರ್ಡನ್ನೂ ನಾನೇ ಮಾಡಿದೆ. ಲಿಂಗೈಕ್ಯದ ಫೈಲ್. ‘ನೀವ್ ಬಿಡ್ರಿ ಅಕ್ಕಾ, ನಾ ಮಾಡ್ತೇನಿ’ ಅಂದರು ಖಾಜಾಸಾಬರು. ಅವರು ಮಾಡಿದರೆ ಒತ್ತಕ್ಷರ ಎಲ್ಲೆಲ್ಲೋ ಕೂರುತ್ತವೆ. ಗಂಡನ ಹೆಸರು ತಪ್ಪಾಗಬಾರದಲ್ಲ. ಮಾಡಿ, ಪ್ರೂಫ್ ನೋಡಿ, ಇನ್ನೂರು ಪ್ರತಿ ಕಟ್ಟು ಕಟ್ಟಿಕೊಂಡು ಆಟೋ ಹತ್ತಿದೆ. ಅಳು ಬರಲಿಲ್ಲ. ಇವತ್ತಿಗೆ ಏಳು ವಾರ. ಇನ್ನೂ ಬಂದಿಲ್ಲ.

ಸಂಜೆ ಪಾಸ್ಟರ್ ದೇವಪುತ್ರ ಫೋನ್ ಮಾಡಿದರು. ವರ್ಷದ ಕೊನೆಯ ಭಾನುವಾರ ನಮ್ಮ ಚರ್ಚಿನಲ್ಲಿ ಆ ವರ್ಷ ತೀರಿಕೊಂಡವರ ಹೆಸರು ಓದುತ್ತಾರೆ. ಒಂದೊಂದು ಹೆಸರಿಗೂ ಆ ಮನೆಯವರು ಎದ್ದು ನಿಲ್ಲುತ್ತಾರೆ. ಪಟ್ಟಿ ಟೈಪ್ ಮಾಡುವವಳು ನಾನು.

‘ಈ ವರ್ಷ ಬ್ಯಾರೆ ಯಾರಿಗರ ಕೊಡ್ಲ್ಯಾ ಅಕ್ಕಾರ?’

ಬೇಡ, ನಾನೇ ಮಾಡುತ್ತೇನೆ ಅಂದೆ. ಅತ್ತೆಗೆ ಬಿ.ಪಿ. ಗುಳಿಗೆ ಕೊಟ್ಟೆ. ಬದನೆಕಾಯಿ ಪಲ್ಯಕ್ಕೆ ಉಪ್ಪು ಮರೆತಿದ್ದೆ. ಇಬ್ಬರೂ ಹಾಗೇ ಉಂಡೆವು.

ನವೆಂಬರ್ 10, ಭಾನುವಾರ

ಆರಾಧನೆ ಮುಗಿದ ಮೇಲೆ ಚರ್ಚ್ ಆಫೀಸಿನಲ್ಲಿ ಕೂತು ರಿಜಿಸ್ಟರ್ ನೋಡಿ ಬರೆದುಕೊಂಡೆ. ಹನ್ನೊಂದು ಹೆಸರು. ಕೆಳಗೆ ‘12’ ಅಂತ ಬರೆದು ಖಾಲಿ ಬಿಟ್ಟೆ. ಪಾಸ್ಟರ್ ನೋಡಿದರು.

‘ಇದ ಯಾರದರಿ?’

‘ನಮ್ಮ ಮನಿಯವರದು.’

ಪಾಪ, ಚಿಕ್ಕ ವಯಸ್ಸಿನವರು. ಬಂದು ಒಂದೂವರೆ ವರ್ಷ. ಸುಳ್ಳು ಹೇಳಲು ಬರುವುದಿಲ್ಲ. ‘ಸಭೆಯವರ ಹೆಸರಷ್ಟ ಓದೂದ್ರಿ ಅಕ್ಕಾರ. ಕರ್ತನಲ್ಲಿ ನಿದ್ರೆಹೋದವರು ಅಂತ ಅಲ್ಲಿ ನಿಂತ ಹೇಳ್ತೀವಿ. ನನಗ ಗೊತ್ತಿಲ್ಲದ್ದನ್ನ ಹೆಂಗ ಹೇಳ್ಲಿ?’

‘ಉಳಿದ ಹನ್ನೊಂದ ಮಂದೀದು ನಿಮಗ ಗೊತ್ತೈತೇನ್ರಿ?’

ರಿಜಿಸ್ಟರ್ ಮುಚ್ಚಿಟ್ಟರು. ಆಮೇಲೆ ಕೇಳಿದರು — ಇವರಿಗೆ ಯಾರಾದರೂ ಯೇಸುವಿನ ವಿಷಯ ಹೇಳಿದ್ದರೇ? ನಾನು?

ಇಲ್ಲ. ಮದುವೆಗೆ ಮುಂಚೆ ಮಾವನವರ ಎದುರು ಮಾತಾಗಿತ್ತು. ನಾನು ಚರ್ಚಿಗೆ ಹೋಗಬಹುದು, ಯಾರೂ ತಡೆಯುವುದಿಲ್ಲ. ನನ್ನ ಕೊರಳಿಗೆ ಲಿಂಗ ಕಟ್ಟುವುದಿಲ್ಲ. ಬದಲಿಗೆ ನನ್ನ ದೇವರ ಮಾತನ್ನು ಅವರ ಮಗನ ಕಿವಿಗೆ ಹಾಕಬಾರದು, ಅವನು ಚರ್ಚಿನೊಳಗೆ ಕಾಲಿಡಬಾರದು. ಮಾವನವರು ತೀರಿಹೋಗಿ ಹದಿನೈದು ವರ್ಷ. ಮಾತು ಮಾತೇ. ಇಪ್ಪತ್ತನಾಲ್ಕು ವರ್ಷ ಒಂದು ಶಬ್ದ ಆಡಲಿಲ್ಲ. ಪ್ರಾರ್ಥನೆಯನ್ನೂ ಬಾತ್‌ರೂಮಿನಲ್ಲಿ ಮಾಡಿದವಳು ನಾನು.

ಪಾಸ್ಟರ ಮುಖ ಅರಳಿತು. ‘ಹಂಗಾದ್ರ ಛಲೋ ಆತಲ್ರಿ!’

ಏನು ಛಲೋ? ವಿವರಿಸಿದರು. ಕೇಳದೇ ಇದ್ದವರನ್ನು ‘ಯಾಕೆ ನಂಬಲಿಲ್ಲ’ ಅಂತ ದೇವರು ಹಿಡಿಯುವುದಿಲ್ಲ. ಅವರಿಗೆ ಸಿಕ್ಕಷ್ಟು ಬೆಳಕಿಗೆ, ಅವರ ಮನಸ್ಸಾಕ್ಷಿಗೆ ತಕ್ಕಂತೆ ನ್ಯಾಯ. ಇದನ್ನು ಒಪ್ಪದವರೂ ನಮ್ಮಲ್ಲಿದ್ದಾರೆ, ತಾವು ಒಪ್ಪುತ್ತಾರಂತೆ. ‘ಆದ್ರ ಕೇಳಿ ಬ್ಯಾಡಂದವರ ಮಾತ ಬ್ಯಾರೆ.’

‘ಅಂದ್ರ ನಾ ಬಾಯಿ ಮುಚಗೊಂಡ ಇದ್ದದ್ದ ಅವರ ಪುಣ್ಯ?’

‘ಹಂಗಲ್ರಿ ಅಕ್ಕಾರ…’

‘ಮತ್ತ ಮಂದಿಗೆ ಹೇಳಾಕರ ಯಾಕ ಹೋಗ್ತೀರಿ? ನೀವು ಸುಮ್ಮಿದ್ರ ಎಲ್ಲಾರೂ ಪಾರಾಗ್ತಾರಲ್ಲ.’

ಜೋರಾಗಿ ಅಂದುಬಿಟ್ಟೆ ಅನ್ನಿಸುತ್ತದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡರು. ‘ಅವರು ಏನೂ ಕೇಳಿಲ್ಲ ಅಂತ ನಿಮಗ ಖಾತ್ರಿ ಇದ್ರ ಹೇಳ್ರಿ. ಕಮಿಟಿ ಮುಂದ ನಾ ಮಾತಾಡ್ತೇನಿ. ಹೆಸರು ಓದೋಣು.’

ಖಾತ್ರಿ ಅಂದೆ.

ಗೇಟಿನ ಹತ್ತಿರ ಬಂದ ಮೇಲೆ ಹೊಳೆಯಪ್ಪನ ಚಾದಂಗಡಿ ಕಣ್ಣಿಗೆ ಬಿತ್ತು. ಪ್ರತಿ ಭಾನುವಾರ ನನ್ನನ್ನು ಗಾಡಿಯ ಮೇಲೆ ತಂದು ಬಿಟ್ಟು, ಆರಾಧನೆ ಮುಗಿಯುವವರೆಗೆ ಇವರು ಕಾಯುತ್ತಿದ್ದದ್ದು ಅಲ್ಲೇ. ಚರ್ಚಿನ ಗೋಡೆಯಿಂದ ಮೂವತ್ತು ಹೆಜ್ಜೆ ಇದ್ದೀತು. ಒಳಗಿನ ಮಾತು ಅಲ್ಲಿಗೆ ಕೇಳುತ್ತದೆಯೆ?

ನವೆಂಬರ್ 12

ಏನೂ ಇಲ್ಲ. ಆರು ಕಾರ್ಡು.

ನವೆಂಬರ್ 17, ಭಾನುವಾರ

ಚರ್ಚಿಗೆ ಹೋಗಲಿಲ್ಲ. ತಲೆನೋವು ಅಂತ ಅತ್ತೆಗೆ ಹೇಳಿದೆ. ಇರಲಿಲ್ಲ.

ಮಧ್ಯಾಹ್ನ ಚರ್ಚಿನ ಹಾಡುಗುಂಪಿನ ಸುಮತಿ ನೋಡಲು ಬಂದಳು. ಪಟ್ಟಿಯ ವಿಷಯ ಅವಳ ಕಿವಿಗೆ ಬಿದ್ದಿದೆ. ‘ಇಪ್ಪತ್ನಾಲ್ಕ ವರ್ಷದಾಗ ಒಂದ ಮಾತ ಹೇಳಿದ್ರ ಒಂದ ಆತ್ಮ ಉಳೀತಿತ್ತಲ್ಲ ಸುಗುಣಾ’ ಅಂದಳು. ಕೆಟ್ಟವಳಲ್ಲ. ಕಣ್ಣಲ್ಲಿ ನೀರಿತ್ತು ಅವಳಿಗೆ. ನನಗಿರಲಿಲ್ಲ. ಚಾ ಮಾಡಿ ಕೊಟ್ಟೆ. ಕುಡಿದು ಹೋದಳು.

ಒಬ್ಬರ ಪ್ರಕಾರ ಹೇಳದೆ ಉಳಿಸಿದೆ. ಇನ್ನೊಬ್ಬರ ಪ್ರಕಾರ ಹೇಳದೆ ಕೊಂದೆ. ಬಟ್ಟೆ ಒಣಹಾಕಬೇಕು.

ನವೆಂಬರ್ 24, ಭಾನುವಾರ, ರಾತ್ರಿ

ಇವತ್ತು ಒಳಗೆ ಹೋಗಲಿಲ್ಲ. ಆಟೋದಿಂದ ಇಳಿದು ಸೀದಾ ಚಾದಂಗಡಿಗೆ. ಹೊಳೆಯಪ್ಪ ಗಾಬರಿಯಾದ. ‘ಯಾಕ್ರಿ ಅಕ್ಕಾರ, ಪ್ರಾರ್ಥನಿ ಇಲ್ಲೇನ್ರಿ ಇವತ್ತ?’ ಇದೆ ಅಂದೆ. ಒಂದು ಚಾ ಹೇಳಿ ಬೆಂಚಿನ ಮೇಲೆ ಕೂತೆ. ಇವರು ಕೂರುತ್ತಿದ್ದದ್ದು ಇದೇ ಬೆಂಚಾ ಅಂತ ಕೇಳಲಿಲ್ಲ. ಇರುವುದೇ ಒಂದು ಬೆಂಚು.

ಕಿವಿಗೊಟ್ಟು ಕೂತೆ. ಪರೀಕ್ಷೆ ಬರೆಯುವವಳ ಹಾಗೆ. ಹಾಡು ಕೇಳಿತು, ರಾಗ ಮಾತ್ರ. ಪದ ಗೊತ್ತಿದ್ದವರಿಗೆ ಗೊತ್ತಾದೀತು, ಇಲ್ಲದವರಿಗೆ ಇಲ್ಲ. ಆಮೇಲೆ ಪ್ರಸಂಗ, ಪಾಸ್ಟರ ಉಪದೇಶ, ಶುರು ಆಯಿತು. ಸ್ಟೋವಿನ ಸದ್ದು. ಬಸ್ಸಿನ ಹಾರ್ನು. ಪಕ್ಕದ ಪಂಕ್ಚರ್ ಅಂಗಡಿಯ ಕಂಪ್ರೆಸರು. ಪಾಸ್ಟರ ದನಿ ಗೊಂಯ್ ಅನ್ನುತ್ತದೆ ಅಷ್ಟೆ, ಒಂದು ಮಾತೂ ತಿಳಿಯುವುದಿಲ್ಲ. ಇಪ್ಪತ್ತು ನಿಮಿಷ ಕೂತೆ. ಒಂದೇ ಒಂದು ಮಾತು ಇಲ್ಲ.

ಹಗುರಾಯಿತು. ಖರೇ ಹೇಳುತ್ತೇನೆ, ಇನ್ನೊಂದು ಚಾ ಹೇಳಿದೆ. ಇವರು ಏನೂ ಕೇಳಿಲ್ಲ. ಪಾರಾದರು. ಹೆಸರು ಓದುತ್ತಾರೆ.

ಚಾ ಕೊಡುತ್ತ ಹೊಳೆಯಪ್ಪ ಅಂದ, ‘ಸಾಹೇಬ್ರು ಇಲ್ಲಿ ಕೂಡ್ತಿದ್ದಿಲ್ರಿ.’

‘ಮತ್ತ?’

‘ಹಾಡ ಮುಗಿಯೂತನಾ ಕೂಡ್ತಿದ್ರು. ಆಮ್ಯಾಲ ಕಪ್ಪ ಹಿಡ್ಕೊಂಡ ಆ ಹಿಂದಿನ ಕಿಡಕಿ ಬಾಜೂಕ ಹೋಗಿ ನಿಂದ್ರತಿದ್ರು. ಪ್ರಸಂಗ ಮುಗಿಯೂತನಾ.’

‘ಯಾವಾಗರ ಒಮ್ಮೊಮ್ಮೆ?’

‘ಇಲ್ರೀ, ಪ್ರತಿ ರವಿವಾರ. ಮಳಿ ಬಂದ್ರ ಛತ್ರಿ ಹಿಡ್ಕೊಂಡ ನಿಂದ್ರೋರು. ನಾ ಅಂಗಡಿ ಹಾಕಿ ಹದಿನೆಂಟ ವರ್ಷ ಆತು, ಅವಾಗಿಂದ ನೋಡೇನಿ. ನಿಮಗ ಹೇಳಿದ್ದಿಲ್ಲೇನ್ರಿ?’

ಹೇಳಿರಲಿಲ್ಲ. ನಾನು ಹೊರಗೆ ಬರುವ ಹೊತ್ತಿಗೆ ಗಾಡಿಯ ಮೇಲೆ ಕೂತಿರುತ್ತಿದ್ದರು, ಹೆಲ್ಮೆಟ್ ಹಾಕಿಕೊಂಡು, ಇಡೀ ಹೊತ್ತು ಅಲ್ಲೇ ಕೂತವರ ಹಾಗೆ. ‘ಲಗೂ ಹತ್ತು, ಹಸಿವಿ ಆಗೇತಿ’ ಅನ್ನುತ್ತಿದ್ದರು.

ಸಿಟ್ಟು ಬಂತು. ಎರಡು ತಿಂಗಳಲ್ಲಿ ಮೊದಲ ಸಲ ಏನಾದರೂ ಒಂದು ಬಂತು. ನಾನು ಬಾತ್‌ರೂಮಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಪ್ರಾರ್ಥಿಸಿದೆ. ಈ ಮನುಷ್ಯ ಕಿಟಕಿಯಲ್ಲಿ ನಿಂತು ಎಲ್ಲಾ ಕೇಳಿ, ಬಾಯಿ ಒರೆಸಿಕೊಂಡು ಬಂದು ಹಸಿವು ಅಂದರು. ಎಷ್ಟು ಕೇಳಿದಿರಿ? ಏನನ್ನಿಸಿತು? ಬೇಕು ಅನ್ನಿಸಿತೋ ಬೇಡವೋ? ಈಗ ಯಾರನ್ನು ಕೇಳಲಿ ನಾನು?

ಸಂಜೆ ಹೊತ್ತಿಗೆ ಸಿಟ್ಟೂ ಹೋಯಿತು. ಉಳಿದದ್ದು ಇಷ್ಟು — ಕೇಳಿದ್ದಾರೆ. ಬಂದಿಲ್ಲ.

ಡಿಸೆಂಬರ್ 8, ಭಾನುವಾರ

ಎರಡು ವಾರ ಏನೂ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಪ್ರೆಸ್ಸು, ಮನೆ, ಗುಳಿಗೆ.

ಇವತ್ತು ಪಾಸ್ಟರ್ ತಾವಾಗಿಯೇ ಬಂದು ಕೇಳಿದರು. ಕಮಿಟಿಯಲ್ಲಿ ಇಬ್ಬರನ್ನು ಒಪ್ಪಿಸಿದ್ದಾರಂತೆ. ‘ನೀವು ಒಂದ ಮಾತ ಖಾತ್ರಿ ಅಂದ್ರ ಸಾಕ್ರಿ.’

ಹೊಳೆಯಪ್ಪ ಚರ್ಚಿನೊಳಗೆ ಬರುವವನಲ್ಲ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ಖಾತ್ರಿ’ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹೆಸರು ಓದಿಸಬೇಕಾದದ್ದು ಕಮಿಟಿಗೆ ಕೇಳಿಸಲಿ ಅಂತ ಅಲ್ಲವಲ್ಲ. ಕೇಳಿಸಬೇಕಾದದ್ದು ದೇವರಿಗೆ, ಅವನಿಗೆ ಆ ಕಿಟಕಿ ಗೊತ್ತು.

‘ಖಾತ್ರಿ ಇಲ್ರಿ’ ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಪಟ್ಟಿ ಕೊಟ್ಟೆ. ಹನ್ನೊಂದು. ಪ್ರೂಫ್ ಎರಡು ಸಲ ನೋಡಿದ್ದೆ.

ಡಿಸೆಂಬರ್ 16, ಸೋಮವಾರ

ಅತ್ತೆ ಸೊಪ್ಪು ಸೋಸುತ್ತ ಕೂತಿದ್ದರು. ‘ಯಾಕವಾ, ತಿಂಗಳಾತು, ಯಾರರ ಬೈದಾರೇನು ನಿನಗ?’ ಅಂದರು. ಹೇಳಿಬಿಟ್ಟೆ. ಪಟ್ಟಿ, ಪಾಸ್ಟರ್, ಕಿಟಕಿ, ಎಲ್ಲಾ. ಮಾವನವರಿಗೆ ಮಾತು ಕೊಟ್ಟ ಮೇಲೆ ಈ ಮನೆಯಲ್ಲಿ ಚರ್ಚಿನ ವಿಷಯ ಮಾತಾಡಿದ್ದು ಇದೇ ಮೊದಲು.

ಪೂರಾ ಕೇಳಿದರು. ಸೊಪ್ಪು ಬದಿಗಿಟ್ಟರು.

‘ನೀ ಯಾಕ ಕೇಳಾಕ ಹೋದಿ?’

‘ಗೊತ್ತಾಗಬೇಕಲ್ರಿ ಅತ್ತಿ.’

‘ನನಗೂ ಗೊತ್ತಾಗಬೇಕಿತ್ತು. ನಿನ್ನ ಕೊರಳಾಗ ಲಿಂಗಿಲ್ಲ, ನಿನಗ ಯಾರೂ ಏನೂ ಕಲಿಸಿಲ್ಲ. ಕಲಿಸೂದಿಲ್ಲಂತ ನಿಮ್ಮ ಮಾವ ಮಾತ ಕೊಟ್ಟ ಕೂತಿದ್ರು. ನಾಳೆ ನೀ ಸತ್ರ ಎಲ್ಲಿಗೆ ಹೋಗ್ತಿ? ನನ್ನ ಮಗ ರಾಜು ಎಲ್ಲಿರ್ತಾನ? ಮಠದ ಅಜ್ಜಾರನ್ನ ಕೇಳಬೇಕಂತ ಎಷ್ಟ ಸಲ ಹೋದೆ. ಕಾಲಿಗೆ ಬಿದ್ದ ಹಂಗ ಎದ್ದ ಬಂದೆ. ಕೇಳಿದ್ರ ಹೇಳಿಬಿಡ್ತಾರಲ್ಲವಾ. ಹೇಳಿದ ಮ್ಯಾಲ ನಾ ನಿನ್ನ ಮಾರಿ ಹೆಂಗ ನೋಡ್ಲಿ?’

ಸೊಪ್ಪಿನ ಬುಟ್ಟಿ ನನ್ನ ಕಡೆಗೆ ಎಳೆದುಕೊಂಡೆ. ಗಂಡನಿಗೆ ಏನೂ ಹೇಳಲಿಲ್ಲ ಅಂತ ನಾನು ಕೊರಗುತ್ತಿದ್ದೆ. ಇದೇ ಅಡುಗೆಮನೆಯಲ್ಲಿ ಇನ್ನೊಬ್ಬರು ನನಗಾಗಿ ಕೊರಗುತ್ತಿದ್ದರು. ಅವರ ಲೆಕ್ಕದಲ್ಲಿ ಏನೂ ಕಲಿಯದೇ ಉಳಿದವಳು ನಾನು.

‘ನಾನೂ ಬರ್ತೇನಿ ಆ ರವಿವಾರ’ ಅಂದರು.

‘ಅವರ ಹೆಸರ ಇಲ್ರಿ ಅತ್ತಿ ಪಟ್ಟ್ಯಾಗ.’

‘ಇರಲಿ ಬಿಡ. ಅವ ನಿಂದ್ರತಿದ್ದ ಜಾಗಾ ನೋಡಬೇಕು.’

ಡಿಸೆಂಬರ್ 25

ಈ ವರ್ಷ ಹಬ್ಬ ಬೇಡ ಅಂದಿದ್ದೆ. ಅತ್ತೆ ಕರ್ಜಿಕಾಯಿ ಕರಿದರು. ತಿಂದೆ.

ಡಿಸೆಂಬರ್ 29, ಭಾನುವಾರ, ಮಧ್ಯಾಹ್ನ 2

ಅತ್ತೆ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಆಟೋ ಹತ್ತಿದರು. ವಿಭೂತಿ ಸ್ವಲ್ಪ ಕಡಿಮೆ ಹಚ್ಚಿಕೊಳ್ಳಿ ಅನ್ನೋಣ ಅನ್ನಿಸಿತ್ತು. ಅನ್ನಲಿಲ್ಲ.

ಮೊದಲು ಹಿಂದಿನ ಕಿಟಕಿಗೆ ಕರೆದುಕೊಂಡು ಹೋದೆ. ಹೊಳೆಯಪ್ಪನೂ ಬಂದು ತೋರಿಸಿದ. ನೋಡಲು ಏನೂ ಇಲ್ಲ ಅಲ್ಲಿ. ಒಂದಿಷ್ಟು ಫರಸಿಕಲ್ಲು, ನಲ್ಲಿ. ಅತ್ತೆ ಕಿಟಕಿಯ ಕಟ್ಟೆ ಮುಟ್ಟಿ ನಿಂತರು. ‘ಛಲೋ ನೆಳ್ಳ ಐತಿ’ ಅಂದರು.

ಒಳಗೆ ಎಲ್ಲರೂ ತಿರುಗಿ ನೋಡಿದರು. ಸುಮತಿ ಸರಿದು ಜಾಗ ಕೊಟ್ಟಳು. ಅತ್ತೆಗೆ ಹಾಡಿನ ಪುಸ್ತಕವನ್ನೂ ತೆರೆದು ಕೊಟ್ಟಳು. ಅತ್ತೆಗೆ ಓದಲು ಬರುವುದಿಲ್ಲ, ಆದರೂ ಹಿಡಿದುಕೊಂಡರು.

ಪ್ರಸಂಗ ಆದಮೇಲೆ ಪಟ್ಟಿ. ಒಂದೊಂದೇ ಹೆಸರು. ಒಂದೊಂದೇ ಮನೆಯವರು ಎದ್ದು ನಿಂತರು. ನಾನು ಟೈಪ್ ಮಾಡಿದ ಹೆಸರುಗಳು. ಮುಂದೆ ಯಾವುದು ಬರುತ್ತದೆ ಅಂತ ಬಾಯಿಪಾಠ ಇತ್ತು. ಆರನೆಯ ಹೆಸರಿಗೆ ಅತ್ತೆ ನನ್ನ ಕಿವಿಯಲ್ಲಿ ಕೇಳಿದರು, ‘ನಮ್ಮ ಪಾಳಿ ಯಾವಾಗ?’ ಇಲ್ಲ ಅತ್ತಿ, ಹೇಳಿದ್ದೆನಲ್ಲ ಅಂದೆ. ಒಂಬತ್ತಕ್ಕೆ ಮತ್ತೆ ಕೇಳಿದರು. ತಲೆಯಾಡಿಸಿದೆ.

ಹನ್ನೊಂದು ಮುಗಿಯಿತು. ಪಾಸ್ಟರ್ ಹಾಳೆ ಮಡಿಚಿದರು.

ಅತ್ತೆ ಮುಂದಿನ ಬೆಂಚು ಹಿಡಿದು ಎದ್ದರು. ಅವರಿಗೆ ಮೊಣಕಾಲು ನೋವು, ಏಳಲು ಹೊತ್ತು ಬೇಕು. ಅಷ್ಟು ಹೊತ್ತೂ ಎಲ್ಲರೂ ನೋಡುತ್ತಿದ್ದರು. ನಾನು ಸೆರಗು ಹಿಡಿದು ಜಗ್ಗಿದೆ. ಬಿಡಿಸಿಕೊಂಡರು.

‘ರಾಜಶೇಖರ’ ಅಂದರು. ಸಂತೆಯಲ್ಲಿ ಮಗನನ್ನು ಕೂಗುವಷ್ಟು ಜೋರಾಗಿ. ‘ನನ್ನ ಮಗರಿ. ಒಳಗ ಬರಲಿಲ್ಲ, ಅವರಪ್ಪಗ ಮಾತ ಕೊಟ್ಟಿದ್ದ. ಆ ಕಿಡಕ್ಯಾಗ ನಿಂತ ಕೇಳ್ತಿದ್ದ. ಪ್ರತಿ ರವಿವಾರ.’

ನಾನು ಕೂತೇ ಇದ್ದೆ.

ಅತ್ತೆ ಕೆಳಗೆ ನೋಡಿದರು. ‘ಏಳ ಸುಗುಣಾ. ನಿನ್ನ ಗಂಡ.’

ಎದ್ದೆ. ಅಳು ಬಂತು. ಇಷ್ಟು ದಿನ ಎಲ್ಲಿತ್ತೋ, ಎಲ್ಲರೆದುರು ಬಂತು. ಸುಮತಿಯೂ ಎದ್ದು ನಿಂತಳು. ಯಾಕೆ ಅಂತ ಕೇಳಿಲ್ಲ.

ಪಾಸ್ಟರ್ ಕಿಟಕಿ ಕಡೆ ನೋಡಿದರು. ಆಮೇಲೆ ಮಡಿಚಿದ ಹಾಳೆಯನ್ನು ಮತ್ತೆ ಬಿಡಿಸಿ, ಮೈಕಿನ ಹತ್ತಿರ ಬಂದು, ‘ಹನ್ನೆರಡು. ರಾಜಶೇಖರ’ ಅಂತ ಓದಿದರು.