ಅಪ್ಪನ ಸ್ಟೆಂಟಿನ ಪರವಾಗಿ ಅರ್ಜಿ

ಬಿಳಿಚೋಡು, ಬುಧವಾರ

ನಲವತ್ತೆರಡು ಕುರಿಗಳ ಏಕೈಕ ಒಡೆಯರಾದ ನಮ್ಮಪ್ಪ ತಿಪ್ಪೇಶಪ್ಪನವರ ಪಾದಕ್ಕೆ ಮಗಳು ಸುಚಿತ್ರಾ ಸಲ್ಲಿಸುವ ಅರ್ಜಿ.

ನನ್ನ ಮುಖ ಕಂಡರೆ ನೀವು ನಗುತ್ತೀರಿ. ಅದಕ್ಕೇ ಇದನ್ನು ಬರೆದು ಪಕ್ಕದ ಮನೆ ಭೀಮಕ್ಕನ ಕೈಲಿ ಕಳಿಸಿದ್ದೇನೆ.

ಯುಗಾದಿಯ ದಿನ ನಿಮ್ಮ ಎದೆಯ ಸ್ಟೆಂಟ್ ಕಟ್ಟಿಕೊಂಡಿದೆ ಎಂದು ಕೂಗಿದ್ದು ಸ್ಟೆಂಟಿನ ಮೇಲೆ ಕಣ್ಣಿಡಲು ಆಸ್ಪತ್ರೆಯವರು ಕೊಟ್ಟ ಯಂತ್ರವಲ್ಲ, ತಮಾಷೆಗೆ ನಾನು ಕೂಗಿಸಿದ ನನ್ನ ಮೊಬೈಲು. ನೀವು ಎದೆ ಹಿಡಿದುಕೊಂಡು ಬೀದಿಗೆ ಓಡಿದಾಗ ಬಿದ್ದು ಬಿದ್ದು ನಕ್ಕವಳೂ ನಾನೇ. ತಪ್ಪಾಯಿತು.

ಆದರೆ ಮೂರು ದಿನದಿಂದ ಕೂಗುತ್ತಿರುವುದು ಆ ಯಂತ್ರವೇ. ಎದೆಯ ಮೇಲಿಟ್ಟಾಗಲೆಲ್ಲ ಸ್ಟೆಂಟಿನೊಳಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ ಅಂತ ತೋರಿಸುತ್ತಿದೆ. ತಂತಿಯಿಲ್ಲದೆ ಆಸ್ಪತ್ರೆಗೂ ಅದೇ ಸುದ್ದಿ ಹೋಗಿದೆ. ನಿನ್ನೆ ಫೋನ್ ಮಾಡಿದ್ದು ನಿಜವಾದ ನರ್ಸಮ್ಮ. ನೀವು "ಮಾಲಾ, ದನಿ ಚೆನ್ನಾಗಿ ಬದಲಾಯಿಸ್ತೀಯವ್ವ, ನನ್ನ ಮಗಳಿಗೆ ತಕ್ಕ ಗೆಳತಿ" ಅಂದು ಇಟ್ಟುಬಿಟ್ಟಿರಿ. ಇವತ್ತು ಯಂತ್ರವನ್ನು ಟಗರಿನ ಕೊರಳಿಗೆ ಕಟ್ಟಿ, "ಇದರ ರಕ್ತ ಹೆಂಗೈತೆ ನೋಡು" ಅಂದು ಹಿಂಡು ಹೊಡೆದುಕೊಂಡು ಹೋದಿರಿ. ಟಗರು ಕ್ಷೇಮವಾಗಿದೆ. ನೀವು ದಿಬ್ಬ ಹತ್ತುವಾಗ ಎರಡು ಸಲ ಕೂತಿದ್ದನ್ನು ನಾನು ನೋಡಿದೆ.

ಕುರಿಗಳನ್ನು ಭೀಮಕ್ಕ ಕಾಯುತ್ತಾಳೆ. ದಿಬ್ಬದ ಕೆಳಗೆ ಆಟೋ ನಿಲ್ಲಿಸಿಕೊಂಡಿದ್ದೇನೆ. ಅವಸರ ಮಾಡದೆ ಇಳಿಯಿರಿ.

ನನ್ನನ್ನ ನಂಬಬೇಡ ಅಪ್ಪ. ಡಾಕ್ಟರ ಮುಂದೆ ನಿಂತು ನಾನು ಸುಳ್ಳುಬುರುಕಿ ಅಂತ ತೋರಿಸಿಕೊಡು. ಊರೆಲ್ಲ ಕೇಳೋ ಹಂಗೆ ಬೈಯಿ, ಬಾಯಿ ಮುಚ್ಚಿಕೊಂಡು ಕೇಳ್ತೀನಿ. ಬಾ, ಅಷ್ಟೆ.

ಆಟೋದಲ್ಲಿ ಕಾಯುತ್ತಿರುವ
ನಿನ್ನ ಸುಚಿ