ಮಾಲೀಕರ ಕೊರಳಲ್ಲಿದ್ದ ಎರಡು ಬಾರುಗಳ ಬಗ್ಗೆ

ಪ್ರಾಣಿ ನಿಯಂತ್ರಣ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ಕಾಲುವೆ ದಂಡೆಯ ಮೇಲೆ ನನ್ನ ನಾಯಿಯನ್ನೂ ನನ್ನನ್ನೂ ಕೆಡವಿ ಕಚ್ಚಿದ ಎರಡು ನಾಯಿಗಳ ಕುರಿತು ನಾನು ತಮಗೆ ಆರು ಪುಟ ಬರೆದಿದ್ದೆ. ತಾವು ಮೂರು ಸಾಲಿನಲ್ಲಿ ಉತ್ತರಿಸಿದ್ದೀರಿ. ಚಿಕ್ಕದಾಗಿ ಇರುವುದರಿಂದ ಅದನ್ನು ಪೂರ್ತಿಯಾಗಿಯೇ ಇಲ್ಲಿ ಇಳಿಸುತ್ತೇನೆ: "ಸದರಿ ಘಟನೆಯು ಸಾಕುನಾಯಿಗಳ ನಡುವಿನ ಸಹಜ ಕಚ್ಚಾಟವಾಗಿರುತ್ತದೆ. ಎದುರು ಪಕ್ಷದ ನಾಯಿಗಳು ಬಾರಿನಲ್ಲಿಯೇ ಇದ್ದವೆಂದು ಅವುಗಳ ಮಾಲೀಕರು ಲಿಖಿತ ಹೇಳಿಕೆ ನೀಡಿರುತ್ತಾರೆ. ಮನುಷ್ಯರಿಗೆ ಗಂಭೀರ ಗಾಯವಾಗದಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ." ಇದಕ್ಕೆ ಮಾರುತ್ತರವನ್ನು ಅಂಚೆಯಲ್ಲೇ ಕಳಿಸಬಹುದಿತ್ತು. ಆದರೆ ಮುಕ್ತಾಯವಾದ ಕಡತಕ್ಕೆ ಬಂದ ಕಾಗದವನ್ನು ಯಾರೂ ಒಡೆದು ನೋಡುವುದಿಲ್ಲವೆಂದು ತಮ್ಮ ಗುಮಾಸ್ತರೇ ತಿಳಿಸಿದರು. ಹಾಗಾಗಿ ಪತ್ರಿಕೆಗೆ ಬರೆಯುತ್ತಿದ್ದೇನೆ. ಬೆಳಗಿನ ಪತ್ರಿಕೆಯನ್ನಾದರೂ ತಾವು ಬಿಡಿಸುತ್ತೀರಿ ಎಂಬ ಆಸೆ ನನಗಿದೆ.

ನಾನು ಚರ್ಮದ ಕೆಲಸದವಳು. ಚೀಲದ ಹಿಡಿ, ಸೊಂಟದ ಪಟ್ಟಿ, ನಾಯಿಯ ಕೊರಳಪಟ್ಟಿ, ಆ ಕೊರಳಪಟ್ಟಿಗೆ ಸಿಕ್ಕಿಸಿ ಕೈಯಲ್ಲಿ ಹಿಡಿದುಕೊಳ್ಳುವ ಬಾರು, ಇವನ್ನು ಮೂವತ್ತನಾಲ್ಕು ವರ್ಷಗಳಿಂದ ಹೊಲಿಯುತ್ತಿದ್ದೇನೆ. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಮನೆ. ಎರಡರಲ್ಲೂ ನಾನೊಬ್ಬಳೇ. ಗಿರಾಕಿಗಳು ಬರುತ್ತಾರೆ, ಹರಿದದ್ದನ್ನು ಮೇಜಿನ ಮೇಲಿಟ್ಟು "ಯಾವಾಗ ಸಿಗುತ್ತೆ?" ಎನ್ನುತ್ತಾರೆ, ಹೇಳಿದ ದಿನ ಬಂದು ತೆಗೆದುಕೊಂಡು ಹೋಗುತ್ತಾರೆ. ಅವರಲ್ಲಿ ಕುಳಿತು ಮಾತಾಡುವಷ್ಟು ಪುರುಸೊತ್ತು ಯಾರಿಗೂ ಇಲ್ಲ, ನಾನೂ ಕೂರಿಸಿಕೊಳ್ಳುವ ಸ್ವಭಾವದವಳಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಾಗಿಲ ಹೊರಗಿನ ಚೂರುಚರ್ಮದ ಡಬ್ಬದಲ್ಲಿ ಅಂಗೈಯಗಲದ ನಾಯಿಮರಿಯೊಂದು ಮಲಗಿತ್ತು. ಎಸೆಯಬೇಕಾದ ತುಣುಕುಗಳ ನಡುವೆ ಸಿಕ್ಕಿದ್ದರಿಂದ ತುಣುಕ ಎಂದು ಕರೆದೆ. ಅಂದಿನಿಂದ ನನ್ನ ಮಾತೆಲ್ಲ ಅವನ ಜೊತೆಗೆ. ದಾರಕ್ಕೆ ಮೇಣ ತಿಕ್ಕುವಾಗ, ದಬ್ಬಳ ಬೆರಳಿಗೆ ಚುಚ್ಚಿದಾಗ, ಗಿರಾಕಿಯನ್ನು ಬೈಯಬೇಕಾದಾಗ, ಎಲ್ಲವನ್ನೂ ಅವನಿಗೇ ಹೇಳುವುದು. ಅವನು ಒಂದು ಕಿವಿ ಎತ್ತುತ್ತಾನೆ. ಅಷ್ಟು ಸಾಕಾಗುತ್ತಿತ್ತು.

ಸಂಜೆ ಐದೂವರೆಗೆ ಅಂಗಡಿಯ ಬಾಗಿಲು ಎಳೆದು ಇಬ್ಬರೂ ಕಾಲುವೆ ದಂಡೆಗೆ ಹೋಗುತ್ತಿದ್ದೆವು. ದಿನದಲ್ಲಿ ನಾನು ಮನುಷ್ಯರ ನಡುವೆ ಇರುತ್ತಿದ್ದದ್ದು ಆ ಒಂದು ಗಂಟೆ ಮಾತ್ರ. ಎರಡನೆಯ ಕಲ್ಲುಬೆಂಚಿನಲ್ಲಿ ಮಳೆಯಿರಲಿ ಬಿಸಿಲಿರಲಿ ಕೊಡೆ ಹಿಡಿದೇ ಕೂರುವ ಹೆಂಗಸೊಬ್ಬರಿದ್ದಾರೆ. ನನ್ನ ಮನಸ್ಸಿನಲ್ಲಿ ಅವರು ಕೊಡೆ ಅಕ್ಕ. "ಏನೋ ತುಣುಕ, ಇವತ್ತು ಲೇಟು!" ಎಂದು ಅವನ ತಲೆ ಸವರುತ್ತಿದ್ದರು. ಅವನ ಪರವಾಗಿ ನಾನು "ಕೆಲಸ ಜಾಸ್ತಿ ಇತ್ತಕ್ಕಾ" ಎನ್ನುತ್ತಿದ್ದೆ. ಹೀಗೆ ಇನ್ನೂ ಐದಾರು ಜನ. ಹನ್ನೊಂದು ವರ್ಷ ಆ ದಾರಿ ತುಳಿದಿದ್ದೇನೆ ಸ್ವಾಮಿ. ಅಲ್ಲಿ ಎಲ್ಲರಿಗೂ ನನ್ನ ನಾಯಿಯ ಹೆಸರು ಗೊತ್ತು, ನನ್ನ ಹೆಸರು ಒಬ್ಬರಿಗೂ ಗೊತ್ತಿಲ್ಲ. ನನ್ನನ್ನು ತುಣುಕನ ಅಮ್ಮ ಎನ್ನುತ್ತಾರೆ. ಬೇಜಾರಿಲ್ಲ, ನನಗೆ ಇಷ್ಟವಾದ ಹೆಸರೇ ಅದು.

ದಂಡೆಯ ತುದಿಯಲ್ಲಿ ತಮ್ಮ ವಿಭಾಗದ ಫಲಕವಿದೆ. "ನಾಯಿಗಳನ್ನು ಬಾರಿನಲ್ಲಿ ಹಿಡಿದೇ ನಡೆಸತಕ್ಕದ್ದು." ಹೋದ ವರ್ಷ ಅದಕ್ಕೆ ಹೊಸ ಬಣ್ಣವನ್ನೂ ಬಳಿಸಿದ್ದೀರಿ. ಬಹಳ ಚೆನ್ನಾಗಿದೆ, ದೂರದಿಂದಲೇ ಕಾಣುತ್ತದೆ. ಆ ದಂಡೆಯಲ್ಲಿ ಅದನ್ನು ಪಾಲಿಸಿದವಳು ನಾನು. ಪಾಲಿಸಿದ್ದೇ ತಪ್ಪಾಯಿತು.

ಅವತ್ತು ಕೊಡೆ ಅಕ್ಕನ ಬೆಂಚಿಗೆ ಇನ್ನೂ ತಿರುವೊಂದು ಬಾಕಿಯಿತ್ತು. ಸುತ್ತ ಯಾರೂ ಇರಲಿಲ್ಲ. ಎದುರಿನಿಂದ ಎರಡು ದೊಡ್ಡ ನಾಯಿಗಳು ಬಂದವು. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತಾರಲ್ಲ, ಅವೆರಡೂ ಬೊಗಳಲೇ ಇಲ್ಲ. ತಲೆ ತಗ್ಗಿಸಿಕೊಂಡು ನೇರವಾಗಿ ಓಡಿ ಬಂದವು. ಹಿಂದೆ ಎಷ್ಟೋ ದೂರದಲ್ಲಿ ಅವುಗಳ ಮಾಲೀಕರು, ಬಿಳಿ ಟೋಪಿ ಹಾಕಿಕೊಂಡವರು, ಕೈಬೀಸಿಕೊಂಡು ನಡೆದು ಬರುತ್ತಿದ್ದರು. ನಾನು ಕೂಗಿದೆ. ಅವರು ಅಲ್ಲಿಂದಲೇ ನಗುತ್ತಾ, "ಏನೂ ಮಾಡಲ್ಲಮ್ಮಾ, ಹೆದರ್ಬೇಡಿ! ಆಟ ಆಡೋಕೆ ಬರ್ತಿದ್ದಾವೆ!" ಎಂದರು. ಈ ಮಾತನ್ನು ನಾಯಿ ಸಾಕುವವರಿಗೆಲ್ಲ ಯಾವ ಶಾಲೆಯಲ್ಲಿ ಕಲಿಸುತ್ತಾರೋ ನಾ ಕಾಣೆ. ಅವರ ಮಾತು ಮುಗಿಯುವಷ್ಟರಲ್ಲಿ ಒಂದು ನಾಯಿ ತುಣುಕನ ತೊಡೆಗೆ ಬಾಯಿ ಹಾಕಿತ್ತು.

ಈಗ ಹೇಳುವುದನ್ನು ಆರು ಪುಟದಲ್ಲಿ ನಾನು ಬರೆದಿರಲಿಲ್ಲ. ಬರೆಯಲು ಕೈ ಏಳಲಿಲ್ಲ. ತುಣುಕ ಬಿಡಿಸಿಕೊಂಡು ಓಡಲು ನೋಡಿದ. ಅವನಿಗೆ ವಯಸ್ಸಾಗಿದ್ದರೂ ಕಾಲು ಚುರುಕು. ಪಕ್ಕದ ಕಬ್ಬಿಣದ ಬೇಲಿಯ ಕೆಳಗೆ ಅವನು ನುಸುಳುವಷ್ಟು ಜಾಗವಿತ್ತು, ಆ ಎರಡಕ್ಕೆ ಅದರಲ್ಲಿ ತಲೆಯೂ ಹಿಡಿಸುತ್ತಿರಲಿಲ್ಲ. ಬೇಲಿಗೆ ಇನ್ನೇನು ಎರಡು ಮೊಳ ಇದೆ ಎನ್ನುವಾಗ ಬಾರು ಬಿಗಿಯಿತು. ಬಾರನ್ನು ಮಣಿಕಟ್ಟಿಗೆ ಎರಡು ಸುತ್ತು ಹಾಕಿಕೊಳ್ಳುವುದು ನನ್ನ ಪದ್ಧತಿ. ನಮ್ಮಪ್ಪ ಕಲಿಸಿದ್ದು, ಗಿರಾಕಿಗಳಿಗೂ ನಾನು ಹೇಳಿಕೊಟ್ಟಿದ್ದೇನೆ. ಬಿಡಿಸಿಕೊಳ್ಳಲು ಆಗಲೇ ಇಲ್ಲ. ಇನ್ನೊಂದು ನಾಯಿ ನೂಕಿದ್ದಕ್ಕೆ ನಾನು ಮುಗ್ಗರಿಸಿ ಬಿದ್ದೆ, ಬಾರು ನನ್ನ ಮೈಯಡಿ ಸಿಕ್ಕಿತು, ತುಣುಕ ಅಲ್ಲೇ ನಿಂತ. ಆ ಕೊಂಡಿಯನ್ನು ಕೂರಿಸಿದವಳು ನಾನು, ಆ ಹೊಲಿಗೆ ಹಾಕಿದವಳು ನಾನು. ನನ್ನ ಹೊಲಿಗೆ ಬಿಟ್ಟಿತೆಂದು ಈವರೆಗೆ ಒಬ್ಬ ಗಿರಾಕಿಯೂ ಬಂದಿಲ್ಲ. ಅವತ್ತೊಂದು ದಿನ ಬಿಚ್ಚಿಕೊಳ್ಳಬಾರದಿತ್ತೇ ಎಂದು ದಿನಾ ಅಂದುಕೊಳ್ಳುತ್ತೇನೆ. ಬಿಟ್ಟು ನಡೆದ ನಾಯಿಗಳು ಕಚ್ಚಿದವು, ಕಟ್ಟಿ ನಡೆಸಿದ ನಾಯಿ ಕಚ್ಚಿಸಿಕೊಂಡಿತು. ತಮ್ಮ ಫಲಕದಲ್ಲಿ ಇದನ್ನೂ ಒಂದು ಸಾಲು ಬರೆಸಿದರೆ ನನ್ನಂಥ ದಡ್ಡರಿಗೆ ಉಪಕಾರವಾಗುತ್ತದೆ.

ಅವನಿಗೆ ಹನ್ನೊಂದು ಹೊಲಿಗೆ ಬಿತ್ತು. ನನ್ನ ಮುಂಗೈಯಲ್ಲಿ ನಾಲ್ಕು ಹಲ್ಲಿನ ಗುರುತು, ಮಣಿಕಟ್ಟು ಉಳುಕಿತ್ತು, ಮೊಣಕಾಲಿನ ಚರ್ಮ ಕಿತ್ತಿತ್ತು. ಗಂಭೀರವಲ್ಲ, ಒಪ್ಪುತ್ತೇನೆ. ಚುಚ್ಚುಮದ್ದಿಗೆ ಐದು ಸಲ ಹೋದೆ. ಐದು ಸಲವೂ "ಜೊತೆಗೆ ಯಾರು ಬಂದಿದ್ದಾರೆ?" ಎಂದು ಕೇಳಿದರು. ಮೂರನೆಯ ಸಲ "ಹೊರಗಡೆ ಕೂತಿದ್ದಾರೆ" ಎಂದು ಸುಳ್ಳು ಹೇಳಿದೆ. ಯಾಕೆ ಹೇಳಿದೆನೋ, ನರ್ಸಮ್ಮ ಏನೂ ತಪ್ಪಾಗಿ ಕೇಳಿರಲಿಲ್ಲ.

ತಮ್ಮ ಕಚೇರಿಯ ನಾಲ್ಕನೆಯ ಕಿಟಕಿಯಲ್ಲೂ ಅದೇ ಪ್ರಶ್ನೆ. ಗುಮಾಸ್ತರು ಅರ್ಜಿಯಿಂದ ತಲೆಯೆತ್ತದೆ ಕೇಳಿದರು, "ಘಟನೆ ನಡೆದಾಗ ಜೊತೇಲಿ ಯಾರಿದ್ರು?"

"ತುಣುಕ ಇದ್ದ."

"ಹಾಗಾದ್ರೆ ಅವ್ರನ್ನ ಕರ್ಕೊಂಡು ಬನ್ನಿ. ಸಾಕ್ಷಿ ಸಹಿ ಬೇಕು."

"ಅವನು ನಾಯಿ ಸಾರ್."

ಆಗ ತಲೆಯೆತ್ತಿದರು. ಪಾಪ, ನಗಲಿಲ್ಲ. "ಮನುಷ್ಯರು ಯಾರೂ ಇರ್ಲಿಲ್ವಾ ಅಮ್ಮಾ?" ಎಂದರು. ಇಲ್ಲ ಎಂದೆ. "ಜೊತೆಗಿದ್ದವರು" ಎಂಬ ಕಾಲಮ್ಮಿನಲ್ಲಿ "ಯಾರೂ ಇಲ್ಲ" ಎಂದು ದುಂಡಗೆ ಬರೆದರು. ಆಮೇಲೆ ದನಿ ತಗ್ಗಿಸಿ, "ನೀವು ಬೇರೆ ದಾರೀಲಿ ಹೋಗ್ಬಿಡಿ ಅಮ್ಮಾ. ಯಾಕೆ ಸುಮ್ನೆ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಬೇರೆ ದಾರಿಯ ಎರಡನೆಯ ಬೆಂಚಿನಲ್ಲಿ ಯಾರಿರುತ್ತಾರೆ? ಹನ್ನೊಂದು ವರ್ಷ ನಡೆದು ಸಂಪಾದಿಸಿದ ಆರು ಜನರ ಪರಿಚಯವನ್ನು ಹೊಸ ದಾರಿಯಲ್ಲಿ ಸಂಪಾದಿಸಲು ತುಣುಕನಿಗೆ ಇನ್ನು ಎಷ್ಟು ವರ್ಷ ಬಾಕಿಯಿದೆ? ಕಚ್ಚಿದವರ ದಾರಿ ಹಾಗೇ ಇರಬೇಕು, ಕಚ್ಚಿಸಿಕೊಂಡವರು ದಾರಿ ಬದಲಿಸಬೇಕು. ಗಾಯದ ಮೇಲೆ ಬರೆ ಎಳೆಯುವುದಕ್ಕೆ ಇಷ್ಟು ಮೃದುವಾದ ದನಿಯನ್ನು ನಾನು ಈ ಮೊದಲು ಕೇಳಿರಲಿಲ್ಲ.

ಇನ್ನು ಟೋಪಿಯವರ ಲಿಖಿತ ಹೇಳಿಕೆಯ ವಿಷಯ. ನಾಯಿಗಳು ಬಾರಿನಲ್ಲಿದ್ದವಂತೆ! ಬಾರುಗಳು ಎಲ್ಲಿದ್ದವೆಂದು ನಾನು ಹೇಳುತ್ತೇನೆ. ಅವರ ಕೊರಳಲ್ಲಿದ್ದವು. ಮಾಲೆಯ ಹಾಗೆ ಎರಡನ್ನೂ ಹಾಕಿಕೊಂಡಿದ್ದರು. ಅವರು ನಾಯಿಗಳನ್ನು ಎಳೆದುಕೊಳ್ಳಲು ಬಗ್ಗಿದಾಗ ಆ ಬಾರುಗಳು ನೆಲದಲ್ಲಿ ಬಿದ್ದಿದ್ದ ನನ್ನ ಮುಖದ ಮುಂದೆಯೇ ನೇತಾಡಿದವು. ಕಂದು ಬಣ್ಣದ ಚರ್ಮ, ಹಿತ್ತಾಳೆಯ ಕೊಂಡಿ, ಅಂಚಿನಲ್ಲಿ ಜೋಡಿ ಹೊಲಿಗೆ. ನನ್ನದೇ ಕೆಲಸ. ಹದಿನಾಲ್ಕು ತಿಂಗಳ ಹಿಂದೆ ನನ್ನ ಅಂಗಡಿಯಿಂದಲೇ ಒಯ್ದಿದ್ದರು. "ಗಟ್ಟಿ ಇದೆಯಲ್ವಾ? ನಮ್ಮವು ಭಾರಿ ಜೋರು" ಎಂದು ಕೇಳಿದ್ದರು. ಆನೆ ಎಳೆದರೂ ಹರಿಯುವುದಿಲ್ಲ ಎಂದು ನಾನು ಜಂಬ ಕೊಚ್ಚಿಕೊಂಡಿದ್ದೆ.

ಚರ್ಮಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಮಾನ್ಯರೇ. ದಿನಾ ಹಿಡಿದ ಬಾರು ಹಿಡಿಯ ಜಾಗದಲ್ಲಿ ಬೆವರು ಕುಡಿದು ಕಪ್ಪಾಗುತ್ತದೆ. ಮೂರು ತಿಂಗಳಲ್ಲಿ ಅಲ್ಲಿ ಹೊಳಪು ಬರುತ್ತದೆ, ವರ್ಷದಲ್ಲಿ ಬೆರಳಿನ ತಗ್ಗು ಬೀಳುತ್ತದೆ. ಜೋರು ನಾಯಿಯಾದರೆ ಕೊಂಡಿಯ ಒಳಬದಿಯ ಹಿತ್ತಾಳೆ ಕೊರಳಪಟ್ಟಿಯ ಉಂಗುರಕ್ಕೆ ಉಜ್ಜಿ ಸವೆಯಲೇಬೇಕು. ತುಣುಕನ ಬಾರನ್ನು ತಂದು ತೋರಿಸುತ್ತೇನೆ, ನನ್ನ ಐದು ಬೆರಳೂ ಅದರಲ್ಲಿವೆ. ಟೋಪಿಯವರ ಕೊರಳಲ್ಲಿ ನೇತಾಡುತ್ತಿದ್ದ ಬಾರುಗಳು ನನ್ನ ಮೇಜಿನಿಂದ ಎದ್ದ ದಿನ ಹೇಗಿದ್ದವೋ ಹಾಗೇ ಇದ್ದವು. ಕೊಂಡಿಯ ಹೊಳಪು ಕೂಡ ಮಾಸಿರಲಿಲ್ಲ. ಹದಿನಾಲ್ಕು ತಿಂಗಳು ನಾಯಿಗಳನ್ನು ಹಿಡಿದ ಬಾರುಗಳೇ ಅವು? ತಾವು ಲಿಖಿತ ಹೇಳಿಕೆಯನ್ನು ಓದಿದಿರಿ, ಬಾರುಗಳನ್ನು ನೋಡಲಿಲ್ಲ. ನೋಡಬೇಕೆಂದು ತಮಗೆ ಹೊಳೆಯದಿದ್ದರೆ ಅದು ತಪ್ಪಲ್ಲ, ಎಲ್ಲರೂ ಚರ್ಮದ ಕೆಲಸದವರಲ್ಲ. ಆದರೆ ಈಗ ಹೇಳಿದ್ದೇನೆ. ಇನ್ನು ಹೊಳೆಯಲಿಲ್ಲ ಎನ್ನುವಂತಿಲ್ಲ.

ತುಣುಕನ ಹೊಲಿಗೆಯ ಗಾಯ ಮಾಗಿದೆ. ಅವನು ಮಾತ್ರ ನನ್ನ ಕೆಲಸದ ಮೇಜಿನ ಕೆಳಗಿನಿಂದ ಹೊರಗೆ ಬರುತ್ತಿಲ್ಲ. ಐದೂವರೆಗೆ ಬಾರು ಕೈಗೆತ್ತಿಕೊಂಡರೆ ಗೋಡೆಗೆ ಒತ್ತಿಕೊಳ್ಳುತ್ತಾನೆ. ಎರಡು ಸಲ ಹೊಸ್ತಿಲವರೆಗೆ ಬಂದ, ನಾನು ಬಾಗಿಲು ತೆರೆದದ್ದೇ ತಡ ಒಳಗೆ ಓಡಿದ. ಪಶುವೈದ್ಯರು ಅವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಇವನಿಗೆ ಕಾಲು ಸರಿಯಾಗಿದೆ ಅಮ್ಮಾ. ನಿಮ್ಮ ಕೈ ನಡುಗ್ತಿದೆ, ಅದು ಬಾರಿನಲ್ಲಿ ಇಳಿದು ಇವನಿಗೆ ಗೊತ್ತಾಗುತ್ತೆ. ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗಿ. ಪಕ್ಕದಲ್ಲಿ ಒಬ್ರಿದ್ರೆ ನಿಮ್ಗೂ ಧೈರ್ಯ, ಅವನಿಗೂ ಧೈರ್ಯ" ಎಂದರು. ಔಷಧಿಯ ಚೀಟಿ ಬರೆದುಕೊಟ್ಟಿದ್ದರೆ ಅಂಗಡಿಯಲ್ಲಿ ಸಿಗುತ್ತಿತ್ತು. ಇದನ್ನು ಎಲ್ಲಿಂದ ತರಲಿ? ಮನೆಗೆ ಬಂದು ಯಾರನ್ನು ಕರೆಯಬಹುದೆಂದು ಯೋಚಿಸುತ್ತಾ ಕುಳಿತೆ. ಗಿರಾಕಿಗಳ ಹೆಸರುಗಳು ನೆನಪಾದವು, ಅವರ ಚೀಲಗಳು ನೆನಪಾದವು. ಕರೆಯಬಹುದಾದವರು ಯಾರೂ ನೆನಪಾಗಲಿಲ್ಲ.

ಹೋದ ವಾರ ಹಟ ಹಿಡಿದು ಅವನನ್ನು ಬಿಟ್ಟು ಒಬ್ಬಳೇ, ಆ ತಿರುವು ತಪ್ಪಿಸಿ ಹಿಂದಿನ ರಸ್ತೆಯಿಂದ ದಂಡೆಗೆ ಹೋದೆ. ಕೊಡೆ ಅಕ್ಕನ ಹತ್ತಿರ ಕೇಳೋಣ, ಅವರು ಬಂದಾರು ಎಂದುಕೊಂಡಿದ್ದೆ. ಅವರು ಅದೇ ಬೆಂಚಿನಲ್ಲಿ ಕೊಡೆಯ ಕೆಳಗೆ ಕುಳಿತಿದ್ದರು. ನಾನು ಎದುರಿಗೇ ಬಂದೆ. ನನ್ನ ಮುಖ ನೋಡಿದರು, ನನ್ನ ಕಾಲ ಬಳಿಯ ಖಾಲಿ ನೆಲ ನೋಡಿದರು, ಆಮೇಲೆ ನೀರಿನ ಕಡೆ ತಿರುಗಿದರು. ಗುರುತು ಸಿಗಲಿಲ್ಲ. ನಾನು ಎರಡು ಹೆಜ್ಜೆ ದಾಟಿದ ಮೇಲೆ ಪಕ್ಕದವರಿಗೆ ಅವರು ಹೇಳಿದ್ದು ಕಿವಿಗೆ ಬಿತ್ತು. "ಆ ತುಣುಕ ಎಲ್ಲಿ ಹೋದ್ನೋ ಏನೋ. ತಿಂಗಳಾಯ್ತು, ಕಾಣಿಸಲೇ ಇಲ್ಲ. ಮನಸ್ಸಿಗೆ ಒಂಥರಾ ಆಗುತ್ತೆ." ತಿರುಗಿ "ನಾನೇ ಅಕ್ಕಾ, ತುಣುಕನ ಅಮ್ಮ" ಎನ್ನಬೇಕಿತ್ತು. ಹಾಗೇ ನಡೆದುಬಿಟ್ಟೆ. ಆ ತಿರುವಿನ ಹತ್ತಿರದವರೆಗೆ ಬಂದು, ಮತ್ತೆ ಹಿಂದಿನ ರಸ್ತೆಗೇ ಇಳಿದು ಮನೆಗೆ ಬಂದೆ.

ಆ ಎರಡು ನಾಯಿಗಳನ್ನು ಕೊಲ್ಲಿರೆಂದು ನಾನು ಕೇಳುತ್ತಿಲ್ಲ. ಯಾರಾದರೂ ಹಾಗೆ ಕೇಳಿದರೆ ನನ್ನ ಹೆಸರು ಸೇರಿಸಬೇಡಿ. ಅವಕ್ಕೆ ಬೇಕಾದದ್ದು ನಾನು ಮಾಡಿಕೊಟ್ಟ ಬಾರು, ಅದನ್ನು ಹಿಡಿಯುವ ಒಂದು ಕೈ, ಅಷ್ಟೇ. ಪರಿಹಾರವೂ ಬೇಡ. ನನಗೆ ಬೇಕಾಗಿರುವುದು ಎರಡೇ. ಮೊದಲನೆಯದು, ಟೋಪಿಯವರ ಬಾರುಗಳನ್ನು ತರಿಸಿ ತಮ್ಮ ಮೇಜಿನ ಮೇಲಿಟ್ಟು ನೋಡಿ, ಕಡತವನ್ನು ಮತ್ತೆ ತೆರೆಯಿರಿ, ನಾಳೆಯಿಂದ ಆ ನಾಯಿಗಳು ಅವುಗಳಲ್ಲೇ ನಡೆಯುವಂತೆ ಮಾಡಿ. ಅದು ತಮ್ಮ ಕೆಲಸ, ದಯೆಯೇನಲ್ಲ.

ಎರಡನೆಯದನ್ನು ಕೇಳಲು ಸಂಕೋಚ. ಸಂಜೆ ಐದೂವರೆಯಿಂದ ಆರೂವರೆಯವರೆಗೆ, ಒಂದೇ ಒಂದು ದಿನ, ಕಾಲುವೆ ದಂಡೆಗೆ ಒಬ್ಬ ಸಿಬ್ಬಂದಿಯನ್ನು ಕಳಿಸಿ. ಸಿಬ್ಬಂದಿ ಇಲ್ಲದಿದ್ದರೆ ತಾವೇ ಬನ್ನಿ. ಫಲಕವನ್ನು ಪರಿಶೀಲಿಸಲು ಬಂದೆ ಎಂದು ಕಡತದಲ್ಲಿ ಬರೆದುಕೊಳ್ಳಿ, ನಾನು ಯಾರಿಗೂ ಹೇಳುವುದಿಲ್ಲ. ನನ್ನ ಅಂಗಡಿಯ ವಿಳಾಸ ಅರ್ಜಿಯಲ್ಲಿದೆ. ಬಾಗಿಲು ತೆರೆದಿಟ್ಟು, ಬಾರು ಹಿಡಿದು ಕಾಯುತ್ತಿರುತ್ತೇನೆ. ಈ ಸಲ ಮಣಿಕಟ್ಟಿಗೆ ಸುತ್ತಿಕೊಳ್ಳುವುದಿಲ್ಲ. ನೀವು ನನ್ನ ಎಡಕ್ಕಿರಿ. ನೀವು ಎಂದೆ, ಕ್ಷಮಿಸಿ, ಜೊತೆಗೆ ನಡೆಯುವವರನ್ನು ತಾವು ಎನ್ನಲು ನನಗೆ ಬರುವುದಿಲ್ಲ. ಬಲಕ್ಕೆ ತುಣುಕ ಇರುತ್ತಾನೆ. ಏನೂ ಮಾತಾಡಬೇಕಾಗಿಲ್ಲ. ಆ ತಿರುವು ದಾಟಿ ಎರಡನೆಯ ಬೆಂಚಿನವರೆಗೆ ಬಂದರೆ ಸಾಕು. ಅಲ್ಲಿ ಕೊಡೆ ಹಿಡಿದು ಕುಳಿತವರೊಬ್ಬರು ಅವನನ್ನು ಹೆಸರು ಹಿಡಿದು ಕರೆಯುತ್ತಾರೆ, ಅಲ್ಲಿಂದ ಮುಂದಕ್ಕೆ ನಾವು ಹೋಗುತ್ತೇವೆ.

ಇಂತಿ,
ತಮ್ಮ ಕಡತದಲ್ಲಿ "ಜೊತೆಗಿದ್ದವರು: ಯಾರೂ ಇಲ್ಲ" ಎಂದು ದಾಖಲಾಗಿರುವ
ತುಣುಕನ ಅಮ್ಮ