ಸೈತಾನನಿಗೆ ಮಾಫಿ

ಜುಲೈ 3, ಬುಧವಾರ

ಇವತ್ತೂ ಕೆಲಸ ಹಿಂದೆ ಬಿತ್ತು. ಟವೆಲ್ಲಿನ ಅಂಚು ಹೊಲಿಯಲು ಎಡಗೈ ಗಟ್ಟಿ ಇರಬೇಕು. ಮಣಿಕಟ್ಟಿನಲ್ಲಿ ರಾಡು ಕೂಡಿಸಿದ ಜಾಗ ಮಳೆಮೋಡ ಕಂಡರೆ ಸಾಕು, ಜುಮ್ ಅನ್ನುತ್ತದೆ. ಕಾರ್ಖಾನೆಯಲ್ಲಿ ಕೆಲಸ ತೆಗೆಸುವ ಮುಕಾದಮ ನೋಡಿಯೂ ನೋಡದ ಹಾಗೆ ಹೋದ. ಪುಣ್ಯಾತ್ಮ.

ಡಬ್ಬಿ ಬಿಚ್ಚುವಾಗ ಅಕ್ಕಲಕೋಟೆಯಿಂದ ಅತ್ತೆಯ ಫೋನು. “ಅತುಲ ಬಂದಾನವಾ! ದಾರೂ ಬಿಡಸೋ ಸೆಂಟರ್‌ದಾಗಿಂದ ಬಿಟ್ಟಾರ. ಮಾರಿ ಮ್ಯಾಲ ಎಷ್ಟು ಕಳಾ ಬಂದದ ನೋಡೀಯಂತ. ರವಿವಾರ ಯೇಸಪ್ಪನ ಸಭಾದಾಗ ಸಾಕ್ಷಿ ಹೇಳತಾನ. ನೀ ಬರಬೇಕ.”

ಡಬ್ಬಿ ಮುಚ್ಚಿಟ್ಟೆ. ಬರುತ್ತಾನೆ ಅಂತ ಗೊತ್ತಿತ್ತು. ಇಷ್ಟು ಬೇಗ...

ಇಲ್ಲಿ ಗಂಡನ ಹೆಸರು ಹಿಡಿದೇ ಬರೆಯುತ್ತೇನೆ. ಅವನದೂ ಮಗಳದೂ ಮರಾಠಿ ಸಾಲೆ, ಕನ್ನಡ ಅಕ್ಷರ ಗೊತ್ತಿಲ್ಲ. ಅತುಲ. ಅತುಲ. ಬರೆದರೆ ಏನೂ ಆಗಲಿಲ್ಲ.

ಜುಲೈ 7, ರವಿವಾರ

ಹೋಗಿ ಬಂದೆ. ಸೊಲ್ಲಾಪುರದಿಂದ ಅಕ್ಕಲಕೋಟೆ ಮುಟ್ಟುವವರೆಗೂ ಮಗಳು ದೀಪಾಲಿ ನನ್ನ ಸೆರಗು ಬಿಡಲಿಲ್ಲ.

ಪ್ರಾರ್ಥನಾ ಹಾಲ್ ತುಂಬಿತ್ತು. ಅತುಲ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಮೈಕ್ ಹಿಡಿದು ಅತ್ತ. “ಆ ಕೈ ನಂದಲ್ರಿ. ಸೈತಾನಂದು! ಅಂವಾ ನನ್ನೊಳಗ ಹೊಕ್ಕು ನನ್ನ ಹೇಣ್ತಿ ಕೈ ಮುರದಾನ. ನನ್ನ ಯೇಸಪ್ಪ ಅವನ್ನ ಹೊರಗ ಹಾಕ್ಯಾನ!” ಹಲ್ಲೆಲೂಯಾ ಅಂದರು. ಚಪ್ಪಾಳೆ. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ನಾನೂ ತಟ್ಟಿದೆ. ತಟ್ಟದಿದ್ದರೆ ಏನು ಅಂದುಕೊಂಡಾರು ಅಂತ. ಕೈ ನೋಯಿತು.

ಎಲ್ಲರ ಹತ್ತಿರ ಪ್ರಾರ್ಥನೆ ಬೇಡಿಕೊಂಡ. ನನ್ನ ಹತ್ತಿರ ಏನೂ ಬೇಡಲಿಲ್ಲ. ಹೊರಡುವಾಗ ಮಾತ್ರ ಮೆಲ್ಲಗೆ, “ಬಾಡಿಗಿ ಖೋಲಿ ಎಲ್ಲಿ ಹಿಡದೀ?” ಅಂದ. ಬಸ್ಸು ಬಂತು ಅಂತ ಓಡಿದೆ. ಬಸ್ಸು ಬಂದಿರಲಿಲ್ಲ.

ಜುಲೈ 9, ಮಂಗಳವಾರ

ತಲೆ ಬಾಚುವಾಗ ದೀಪಾಲಿ ಕೇಳಿದಳು. “ಮಮ್ಮಿ, ಅವತ್ತ ಹೊಡದದ್ದು ಪಪ್ಪಾ ಅಲ್ಲಾ? ಸೈತಾನಾ?”

“ಹಂಗ ಅಂತಾರ.”

“ಮತ್ತ ಪಪ್ಪಾನ ಅಂಗಿ ಯಾಕ ಹಾಕ್ಕೊಂಡಿದ್ದ?”

ಎಂಟು ವರ್ಷದ ಕೂಸು. ಏನು ಹೇಳಲಿ? ಜಡೆ ಗಟ್ಟಿಯಾಗಿ ಎಳೆದೆ, ಸುಮ್ಮನಾದಳು. ನೋಡಿದರೆ ತನ್ನ ಚಪ್ಪಲಿ ಹಿಂದಿನ ಬಾಗಿಲಿಗೆ ಒಯ್ದು ಇಟ್ಟಿದ್ದಾಳೆ. ಓಡಲು ಬೇಕಾಗುತ್ತದಂತೆ.

ದಿನವಿಡೀ ಅದೇ ಯೋಚನೆ. ಪಗಾರ ಕುಡಿದವನು ಸೈತಾನ. ನನ್ನ ಕಿವಿಯ ಓಲೆ ಮಾರಿದವನು ಸೈತಾನ. ಕುಣಿಯಲು ಬಾರದವಳಿಗೆ ನೆಲ ಡೊಂಕು, ಹೊಡೆಯುವವನಿಗೆ ಸೈತಾನ. ಊರ ಹೊಲಸೆಲ್ಲ ಅವನೊಬ್ಬನ ತಲೆಗೆ. ಮೈಕ್ ಹಿಡಿದು ಅಲ್ಲ ಅನ್ನಲು ಅವನಿಗೆ ಸಭೆಯೂ ಇಲ್ಲ. ಪಾಪ ಅನ್ನಿಸಿತು.

ಬರೆದದ್ದನ್ನು ಮತ್ತೆ ಓದಿದೆ. ಯಾರಿಗೆ ಪಾಪ ಅಂದೆ ನಾನು? ದೇವರೇ.

ಜುಲೈ 13, ಶನಿವಾರ

ಅತ್ತೆ ಪಾಸ್ಟರನ್ನೇ ಕರೆದುಕೊಂಡು ಬಂದರು. ಖೋಲಿ ಹೇಗೆ ಸಿಕ್ಕಿತೋ! ಅಂದರೆ ಅತುಲನಿಗೂ ಸಿಕ್ಕ ಹಾಗೇ. ಇಬ್ಬರಿಗೂ ಚಹಾ ಸೋಸಿ ಕೊಟ್ಟೆ.

ಪಾಸ್ಟರ್ ಬೀರಣ್ಣ ಒಳ್ಳೆಯವರೇ. ಹೆಸರು ಮಾತ್ರ ಇನ್ನೂ ಹಳೆಯ ಕುಲದೇವರು ಬೀರೋಬಾನದು, ಆಧಾರ್ ಕಾರ್ಡಿನ ತಾಪತ್ರಯಕ್ಕೆ ಬದಲಿಸಿಲ್ಲ. ನನ್ನ ಆಸ್ಪತ್ರೆಯ ಬಿಲ್ಲಿಗೆ ಸಭೆಯಲ್ಲಿ ಪಟ್ಟಿ ಎತ್ತಿ ಹಣ ಕೂಡಿಸಿದವರು ಅವರೇ. ಅದಕ್ಕೇ ಎದುರು ಮಾತಾಡಲು ಕಷ್ಟ.

“ತಂಗಿ, ವೈರಿಗೂ ಮಾಫ ಮಾಡು ಅಂತಾನ ಯೇಸು. ಅಂವಾ ನಿನ್ನ ಗಂಡ. ಸಭಾದಾಗ ನಿಂತು ಮಾಫ ಮಾಡೀನಿ ಅನ್ನು, ಸಂಸಾರ ಕೂಡಸೂಣು.”

ಬಾಯಿ ತಡೆಯಲಿಲ್ಲ. “ಕೈ ಮುರದಂವಾ ಸೈತಾನ ಅಂದ್ರಲ್ಲರಿ ನಮ್ಮ ಮನಿಯವರು. ಹಂಗಾರ ನಾ ಮಾಫ ಮಾಡಬೇಕಾದ್ದು ಸೈತಾನಗಲ್ಲೇನ್ರಿ?”

ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. ಪಾಸ್ಟರ್ ಕಪ್ಪು ಕೆಳಗಿಟ್ಟರು. “ಅವಗ ಮಾಫಿ ಇಲ್ಲ. ಯಾಕ ಹೇಳು? ‘ನಾ ತಪ್ಪ ಮಾಡೀನಿ’ ಅಂತ ಅಂವಾ ಎಂದೂ ಅಂದಿಲ್ಲ, ಅನ್ನೂದೂ ಇಲ್ಲ. ಬೇಡದವಗ ಮಾಫಿ ಎಲ್ಲಿಂದ ಸಿಗತದ?”

“ಇವರೂ ಅಂದಿಲ್ಲಲ್ರಿ.”

ಅತ್ತೆ ಅಳಲು ಶುರು ಮಾಡಿದರು. ಪಾಸ್ಟರ್ ನನ್ನನ್ನೇ ದಿಟ್ಟಿಸಿದರು. ಸಿಟ್ಟಿನಿಂದಲ್ಲ, ಅದಕ್ಕೇ ಹೆದರಿಕೆಯಾಯಿತು. “ಸೈತಾನನ ಮ್ಯಾಲ ಮರುಗೂದು ಚೊಲೋ ಅಲ್ಲ ತಂಗಿ. ಮನಸಿನ್ಯಾಗ ಅಂವಾ ಹೊಕ್ಕೋಳೋದು ಅದ ಬಾಗಿಲದಾಗಿಂದ.”

ಜುಲೈ 21, ರವಿವಾರ

ವಾರವಿಡೀ ಬರೆಯಲು ಧೈರ್ಯವಾಗಲಿಲ್ಲ. ಆ ಮಾತು ಎದೆಯಲ್ಲಿ ಕೂತುಬಿಟ್ಟಿದೆ. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಯೇಸುವಿನ ಹೆಸರು ಹೇಳಿ ನೋಡಿದೆ. ಸೈತಾನ ಹೊಕ್ಕವರಿಗೆ ಆ ಹೆಸರು ಹೇಳಲಾಗುವುದಿಲ್ಲವಂತೆ. ನನ್ನ ನಾಲಿಗೆ ತೊದಲಲಿಲ್ಲ. ಆದರೂ ಮತ್ತೆ ಮತ್ತೆ ಹೇಳಿ ನೋಡಿದೆ.

ಇವತ್ತು ಅಕ್ಕಲಕೋಟೆಯ ಹಾಲ್‌ನಲ್ಲಿ ಉಪವಾಸ ಪ್ರಾರ್ಥನೆ, ನನಗಾಗಿ. ಹೆಂಗಸರೆಲ್ಲ ಸುತ್ತ ನಿಂತು ತಲೆಯ ಮೇಲೆ ಕೈಯಿಟ್ಟರು. ಹಣೆಗೆ ಎಣ್ಣೆ. “ಬಿಡು! ಹೊರಗ ಬಾ!” ಅಂತ ಕೂಗಿದರು. ಅವರಲ್ಲಿ ಒಬ್ಬಳು ನನ್ನ ಜೊತೆ ಓದಿದವಳು. ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಮಣಿಕಟ್ಟು ತಿರುಗಿ ಚೀರಿದೆ. ಚೀರಿದ್ದು ಸೈತಾನ ಅಂದರು, ಇನ್ನೂ ಜೋರಾಗಿ ಕೂಗಿದರು.

ಅವರ ನಡುವಿನ ಸಂದಿಯಲ್ಲಿ ಅತುಲ ಕಂಡ. ಹಿಂದೆ ಕುರ್ಚಿಯಲ್ಲಿ ಕೂತು ಅವನೂ ಕಣ್ಣು ಮುಚ್ಚಿ ನನಗಾಗಿ ಪ್ರಾರ್ಥಿಸುತ್ತಿದ್ದ. ದೀಪಾಲಿ ಅವನ ತೊಡೆಯ ಮೇಲಿದ್ದಳು. ಕಟ್ಟಿಗೆಯ ಗೊಂಬೆಯ ಹಾಗೆ ಸೆಟೆದು ಕೂತಿದ್ದಳು.

ಈಗ ಸೈತಾನ ನನ್ನೊಳಗೆ ಇದ್ದಾನಂತೆ. ಅತುಲ ಶುದ್ಧ, ನಾನು ಹೊಲಸು. ಮುಂದಿನ ರವಿವಾರ ನಿಂತು ಕ್ಷಮಿಸಿದ್ದೇನೆ ಅನ್ನಬೇಕು, ಆಮೇಲೆ ಅತುಲ ನಮ್ಮ ಜೊತೆ ಸೊಲ್ಲಾಪುರಕ್ಕೆ. ಬಟ್ಟೆ ಕಟ್ಟಿ ತಯಾರಾಗಿದ್ದಾನಂತೆ.

ಸೈತಾನ ನಿಜವಾಗಿಯೂ ನನ್ನೊಳಗೆ ಇದ್ದರೆ? ಕ್ಷಮಿಸಲೊಲ್ಲದ ಈ ಹಟ ಅವನದೇ ಆಗಿದ್ದರೆ? ಯೇಸಪ್ಪ, ನನಗೆ ನರಕದ ಭಯವಿದೆ. ಆದರೆ ಆ ಮನುಷ್ಯನ ಹೆಜ್ಜೆ ಸಪ್ಪಳದ ಭಯ ಅದಕ್ಕಿಂತ ಹೆಚ್ಚು.

ಜುಲೈ 28, ರವಿವಾರ

ನಿಂತೆ. ಮೈಕ್ ಕೊಟ್ಟರು. ಅತುಲ ಪಕ್ಕದಲ್ಲೇ, ತಲೆ ಬಾಗಿಸಿ. ಬಾಗಿಲಲ್ಲಿ ಅವನ ಬ್ಯಾಗು. ಏನು ಹೇಳಬೇಕು ಅಂತ ವಾರವೆಲ್ಲ ಬಾಯಿಪಾಠ ಮಾಡಿದ್ದೆ. ಅದು ಬರಲಿಲ್ಲ.

“ಸೈತಾನಗ ನಾ ಮಾಫ ಮಾಡೀನ್ರಿ” ಅಂದೆ. “ಅಂವಾ ನನಗೇನೂ ಮಾಡಿಲ್ಲ. ಇವರು ಮಾಡ್ಯಾರ. ನಾ ಮಾಡೀನಿ ಅಂತ ಇವರು ಒಮ್ಮಿ ಅನ್ನಲಿ. ಆಮ್ಯಾಲ ಇವರಿಗೂ ಮಾಡತೀನಿ.”

ಮೈಕ್ ಕಸಿದುಕೊಂಡರು. ಯಾರೋ ಅತ್ತರು. ಅತ್ತೆ ಎದೆ ಬಡಿದುಕೊಂಡರು. ಪಾಸ್ಟರ್ ಮಾತ್ರ ಅತುಲನ ಕಡೆ ತಿರುಗಿ ನಿಂತರು. ಹೌದೇನು ಅಂತ ಅವನನ್ನು ಕೇಳುತ್ತಾರೆ ಅಂದುಕೊಂಡೆ. ಕೇಳಲಿಲ್ಲ. ಮುಂದಿನ ಹಾಡು ಶುರು ಮಾಡಿ ಅಂದರು.

ಹಾಡಿನ ನಡುವೆ ಅತುಲ ನನ್ನ ಕಡೆ ನೋಡಿದ. ಆ ನೋಟ ನನಗೆ ಗೊತ್ತು. ಹತ್ತು ವರ್ಷದ ಪರಿಚಯ. ದೀಪಾಲಿಯ ಕೈ ಹಿಡಿದು ಹೊರಗೆ ಬಂದೆ.

ಜುಲೈ 30, ಮಂಗಳವಾರ, ಸಂಜೆ

ಬಂದಿದ್ದಾನೆ. ಕೆಲಸದಿಂದ ಬಂದು ಮುಖ ತೊಳೆಯುತ್ತಿದ್ದೆ, ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಕೊಂಡಿ ಹಾಕಿದೆ. ಸಾಲೆಯ ಆಟೋದವನಿಗೆ ಫೋನ್ ಮಾಡಿದೆ, ದೀಪಾಲಿಯನ್ನು ಅವನ ಹೆಂಡತಿಯ ಹತ್ತಿರವೇ ಇಟ್ಟುಕೊಳ್ಳಲು ಹೇಳಿದೆ. ಪೊಲೀಸರಿಗೂ ಮಾಡಿದೆ. ಬರುತ್ತೇವೆ ಅಂದರು. ಕೆಳಗಿನ ಮನೆಗೆ ಬೀಗ. ಹಿಂದಿನ ಬಾಗಿಲ ಮೆಟ್ಟಿಲೂ ಅವನು ನಿಂತಲ್ಲೇ ಇಳಿಯುತ್ತದೆ. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕುಡಿದಿಲ್ಲ. ದನಿ ನೆಟ್ಟಗಿದೆ. ಕುಡಿದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಒಳಗಿನಿಂದಲೇ ಕೇಳಿದೆ. “ನನ್ನ ಕೈ ಯಾರು ಮುರದ್ರಿ?”

ಬಾಗಿಲು ಕೈಯಿಂದ ತಳ್ಳಿ ನೋಡಿದ.

“ಮತ್ತ ಅದ ಹಳೀ ಮಾತು. ಸೈತಾನ ಹೋಗ್ಯಾನ ಕಾಂಚನಾ. ನನ್ನ ಜೋಡಿ ಈಗ ಯಾರೂ ಇಲ್ಲ, ಒಬ್ಬನ ಬಂದೀನಿ. ತಗಿ.”

ಕೈ ಮುರಿದ ದಿನವೂ ಒಬ್ಬನೇ ಬಂದಿದ್ದ. ನಾನು ನೋಡಿದ್ದೇನೆ. ಅವನ ಹಿಂದೆ ಯಾರೂ ಇರಲಿಲ್ಲ.

ಮತ್ತೆ ಕೇಳಿದೆ. ಈ ಸಲ ಬಾಗಿಲಿಗೆ ಭುಜ ಕೊಟ್ಟ. ಕೊಂಡಿಯ ಸ್ಕ್ರೂ ಒಂದು ಅಲ್ಲಾಡುತ್ತಿದೆ. ಪೊಲೀಸರ ಸುಳಿವಿಲ್ಲ.